ನಿದ್ದೆಗಣ್ಣಿನ ಹಾರ್ಡ್‌ಡಿಸ್ಕ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಿಂಧನೂರು ಠಾಣೆಯ ಮೆಟ್ಟಿಲು ಹತ್ತಿದ ಫೋಟೊ ಸ್ಟುಡಿಯೊದ ಚನ್ನವೀರನ ಮುಖ ಸಪ್ಪಗಾಗಿತ್ತು. ಪಾಮನಕಲ್ಲೂರಿನ ಊರ ನಾಟಕವನ್ನು ಶೂಟಿಂಗ್ ಮಾಡಿ ತುಂಬಿಟ್ಟಿದ್ದ ಹಾರ್ಡ್‌ಡಿಸ್ಕ್ ಕಳುವಾಗಿತ್ತು.

“ಅಂಗೈಯಷ್ಟು ಸಾಮಾನಿಗೆ ಎಫ್‌ಐಆರ್ ಏನಪಾ?” ಹವಾಲ್ದಾರ ಅಖ್ತರ್ ನಕ್ಕ.

“ಸಾಮಾನು ಹೋಗ್ಲಿ ಸಾಹೇಬ್ರ, ನಾಟಕ ಅದೊಂದ್ರಾಗಽ ಇತ್ತು. ಕ್ಯಾಮೆರಾದ ಕಾರ್ಡ್ ಅಳಿಸಿ ಮದ್ವಿ ಶೂಟಿಂಗಿಗೆ ಒಯ್ದೀನಿ. ಶನಿವಾರ ಊರ ಮುಂದ ಪರದೆ ಕಟ್ಟಿ ತೋರಸ್ಬೇಕು. ಇಲ್ಲಾಂದ್ರ ಆ ಊರಿಗೆ ಮತ್ತ ಮಾರಿ ತೋರ್ಸಾಕ ಆಗಂಗಿಲ್ಲ.”

ಪಿಎಸ್‌ಐ ಅನುಪಮಾ ನಗಲಿಲ್ಲ. ಈ ಠಾಣೆಗೆ ಬಂದ ಮೇಲೆ ಆಕೆಯ ಕೈಗೇ ಬಂದ ಮೊದಲ ಪ್ರಕರಣ. ಸಣ್ಣದೆಂದು ಬಿಡುವ ಜೀವವಲ್ಲ ಅದು. ಪ್ರಕರಣ ದಾಖಲಿಸಿ ಸ್ಟುಡಿಯೊಗೆ ಹೋಗಿ ಸ್ಥಳ ಪಂಚನಾಮೆ ಮಾಡಿದಳು. ಬೀಗ ಮುರಿದಿರಲಿಲ್ಲ.

“ನಿನ್ನೆ ಯಾರ್ಯಾರು ಬಂದಿದ್ರು?”

“ಅರ್ಧ ಪಾಮನಕಲ್ಲೂರಽ ಬಂದಿತ್ರಿ ಮೇಡಂ, ತಮ್ಮ ತಮ್ಮ ಪಾತ್ರ ನೋಡಾಕ. ಚಾ ಹೇಳಾಕ ಹೊರಗ ಹೋಗಿದ್ದೆ. ಯಾರ ಮ್ಯಾಲ ಅನ್ಲಿ?”

ಮೇಜಿನ ಮೇಲೆ ವೈರು ಕಿತ್ತ ಸಣ್ಣ ಪೆಟ್ಟಿಗೆಯೊಂದಿತ್ತು. “ಇದೇನು?”

“ಯುಎಸ್‌ಬಿ ಹಬ್ ರೀ. ಆ ಡಿಸ್ಕಿಗೊಂದು ರೋಗ ಐತಿ. ಸೀದಾ ಲ್ಯಾಪ್‌ಟಾಪಿಗೆ ಹಚ್ಚಿ ಸ್ವಲ್ಪ ಹೊತ್ತು ಸುಮ್ನ ಬಿಟ್ರ, ಕರೆಂಟ್ ಉಳಸಾಕ ಹೋಗಿ ಲ್ಯಾಪ್‌ಟಾಪ್ ಅದನ್ನ ಮಲಗಿಸಿಬಿಡ್ತೈತಿ. ಕಿತ್ತು ಮತ್ತ ಹಚ್ಚೋತನ ಏಳಂಗಿಲ್ಲ, ಹೆಸರಽ ಮಾಯ. ಅದಕ್ಕಽ ಈ ಹಬ್ಬಿನಿಂದ ಬ್ಯಾರೆ ಕರೆಂಟ್ ಕೊಟ್ಟು ಎಚ್ಚರ ಇಟ್ಟಿದ್ದೆ.”

ಅನುಪಮಾಳ ತಲೆ ಓಡಿತು. ಮಾರಲು ಒಯ್ದವನಾದರೆ ಎಲ್ಲ ಅಳಿಸಿ ಮಾರುತ್ತಾನೆ. ನೋಡಲು ಒಯ್ದವನಾದರೆ, ಕೆಟ್ಟಿತೆಂದು ರಿಪೇರಿಗೆ ಓಡಿಯೇ ಓಡುತ್ತಾನೆ.

“ಅಖ್ತರ್, ಕಂಪ್ಯೂಟರ್ ರಿಪೇರಿ ಅಂಗಡಿ ಅಷ್ಟೂ ತಿರುಗ್ರಿ. ಕಳ್ಳ ಬಂದಿದ್ನೇನು ಅಂತ ಕೇಳಬ್ಯಾಡ್ರಿ. ಡಿಸ್ಕ್ ಮಾಯ ಆಗ್ತೈತಿ ಅಂತ ಯಾರರ ಗೋಳಾಡಿದ್ರೇನು ಅಂತ ಕೇಳ್ರಿ.”

ಸಿಂಧನೂರಿನಲ್ಲಿ ಸುಳಿವಿಲ್ಲ, ಮಸ್ಕಿಯಲ್ಲೂ ಇಲ್ಲ. ಬುಧವಾರ ಮಧ್ಯಾಹ್ನ ಇಬ್ಬರೂ ಲಿಂಗಸುಗೂರಿಗೆ ಹೋದರು. ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ನಡೆಸುವ ಹಾಜಿರಾಬೀ ಕೇಳಿದ್ದೇ ತಡ ಬಾಯಿಬಿಟ್ಟಳು.

“ನಿನ್ನೆ ಒಬ್ರು ಕಾಕಾ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಿದ್ರಲ್ಲ! ಡಿಸ್ಕ್ ಸತ್ತೈತಿ ಅಂದ್ರು. ಸತ್ತಿಲ್ಲ ಕಾಕಾ, ಮಲಗೈತಿ ಅಂದು ಆ ಕರೆಂಟ್ ಉಳಿಸೋ ಸೆಟ್ಟಿಂಗ್ ಬಂದ್ ಮಾಡಿದೆ. ನಾಟಕ ಬಂತು. ರುಮಾಲು ಸುತ್ತಿದ ಧಣಿ! ಇದು ನೀವಽ ಅಲ್ಲೇನ್ರಿ ಅಂದೆ.”

“ಏನಂದ್ರು?”

“ಮೀಸಿ ತಿರುವಿದ್ರು ನೋಡ್ರಿ! ‘ನಾನಽ ತಂಗಿ, ಪಾಮನಕಲ್ಲೂರು ಬಸವಂತರಾಯ.’ ಕುಂದ್ರಿಸಿ ಮೊದಲ ಸೀನ್ ಪೂರಾ ತೋರಿಸಿದ್ರು. ಮುಂದಿಂದು ತೋರಿಸ್ರಿ ಅಂದೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದಽ ಹೋದ್ರು.”

“ಊರು, ಹೆಸರು ಹೇಳಿ ಹೋದ ಕಳ್ಳನ್ನ ಇದಽ ಮೊದ್ಲ ನೋಡಾಕತ್ತೀನಿ ಮೇಡಂ,” ಎಂದ ಅಖ್ತರ್.

ಅದೇ ಸಂಜೆ ಪಾಮನಕಲ್ಲೂರಿನಲ್ಲಿ ಬಸವಂತರಾಯ ತಾನೇ ಒಳಗಿನಿಂದ ಡಿಸ್ಕ್ ತಂದಿಟ್ಟ. ಪಂಚರ ಎದುರು ಜಪ್ತಿ ಪಂಚನಾಮೆಯಾಯಿತು. ಗುರುತಿಸಲು ಬಂದ ಚನ್ನವೀರ ನಾಟಕ ಪೂರ್ತಿ ಉಳಿದಿದ್ದನ್ನು ಕಂಡು ಡಿಸ್ಕಿಗೇ ಕೈ ಮುಗಿದ.

“ಕೋರ್ಟಿಗೆ ಅರ್ಜಿ ಹಾಕಿ ಶನಿವಾರದೊಳಗ ನಕಲು ಕೊಡ್ಸಾಕ ನೋಡ್ತೀನಿ,” ಎಂದು ಅವನಿಗೆ ಹೇಳಿ ಅನುಪಮಾ ಮುದುಕನ ಕಡೆ ತಿರುಗಿದಳು. “ಯಾಕ ಒಯ್ದ್ರಿ ಯಜಮಾನ್ರ?”

“ಮೂರನೇ ಸೀನಿನ್ಯಾಗ ಮಾತು ಮರ್ತೆ. ಪರದೆ ಹಿಂದ ಹೇಳಿಕೊಡಾಂವ ಗಡಬಡಿಸಿ ನಾಯಕಿ ಮಾತು ಹೇಳಿದ. ಅದನ್ನಽ ಅಂದುಬಿಟ್ಟೆ. ‘ನಾನೀಗ ಎರಡು ಜೀವದಾಕಿ’ ಅಂತ.” ಅಖ್ತರ್ ಕೆಮ್ಮಿದ. “ಜನ ಒನ್ಸ್ ಮೋರ್ ಅಂತ ಕೂಗಿದ್ರು.”

“ಕಾಲುವಿಗೆ ಒಗೀಬೋದಿತ್ತಲ್ಲ?”

“ಉಳಿದವರು ಎಷ್ಟ್ ಚಲೋ ಮಾಡ್ಯಾರ! ಊರಿನ ನಾಟಕ ರೀ ಅದು. ಅಷ್ಟಽ ಕತ್ತರಿಸ್ಬೇಕಂತಿದ್ದೆ. ಆ ಸೀನ್ ಹತ್ರ ಬಂದ್ರ ನೋಡಾಕ ಆಗ್ದ ನಿಲ್ಲಿಸ್ತಿದ್ದೆ. ಧೈರ್ಯ ಬರೋದ್ರಾಗ ಡಿಸ್ಕ್ ಮಲಗಿರ್ತಿತ್ತು. ಈಗದು ಎಚ್ಚರ ಐತಿ. ನನಗಽ ಧೈರ್ಯ ಬರವಲ್ದು.”

ಹೊಲ ಅವನಿಗಿಂತ ಹೆಚ್ಚಿದ್ದವರು ಆ ಊರಲ್ಲಿ ಬೇಕಾದಷ್ಟಿದ್ದರು. ಧಣಿಯ ಪಾತ್ರ ಮಾತ್ರ, ಅವನು ಹುಡುಗನಾಗಿ ಬಣ್ಣ ಹಚ್ಚಿದಂದಿನಿಂದ, ಬೇರೆ ಯಾರ ಮೈಗೂ ಒಗ್ಗಿರಲಿಲ್ಲ.

ಅಖ್ತರ್ ಬಂಧನದ ಕಾಗದ ತುಂಬತೊಡಗಿದ. “ಉದ್ಯೋಗ, ಒಕ್ಕಲುತನ...”

ಬಸವಂತರಾಯ ತಲೆ ಎತ್ತಿದ. “ಕಲಾವಿದ ಅಂತ ಬರೀರಿ.”

ಅಖ್ತರ್ ಮೇಡಂ ಮುಖ ನೋಡಿದ.

“ಹಂಗಽ ಬರೀರಿ,” ಎಂದಳು ಅನುಪಮಾ.