ನಲವತ್ತು ಪಾಠಗಳ ಸಹಿ

"ಟೀಚರ್, ನನಗೊಂದು ಡೌಟು!"

ಏಳನೇ ತರಗತಿಯ ಕೊನೆಯ ಬೆಂಚಿನಿಂದ ಗಂಡಸಿನ ದನಿ ಬಂದದ್ದೇ ಮಕ್ಕಳೆಲ್ಲ ಹಿಂತಿರುಗಿ ನೋಡಿದರು. ಚಿಕ್ಕ ಬೆಂಚಿನಲ್ಲಿ ಉದ್ದ ಕಾಲುಗಳನ್ನು ಹೇಗೋ ಮಡಚಿಕೊಂಡು ಕುಳಿತಿದ್ದ ಆ ಮೂವತ್ತೆರಡರ ಆಸಾಮಿ ನಿಜಕ್ಕೂ ಕೈ ಎತ್ತಿದ್ದ!

ಲೀಲಾಕ್ಷಿ ಪಾಠ ನಿಲ್ಲಿಸಿದಳು. "ಕೇಳಿ ಸರ್..."

"ಕತ್ತರಿ ತಿರುಗುವ ಜಾಗ ಬೋರ್ಡಿನ ಚಿತ್ರದಲ್ಲಿ ತುದಿಗೆ ಉಂಟು. ನಿಮ್ಮ ಕೈಯಲ್ಲಿರುವ ಕತ್ತರಿಯಲ್ಲಿ ನಡುವೆ ಉಂಟು. ನಾವು ಯಾವುದನ್ನು ಬರ್ಕೊಳ್ಬೇಕು?"

ಕ್ಲಾಸು ಗೊಳ್ಳೆಂದಿತು. ಅವಳ ಮುಖ ಕೆಂಪಾಯಿತು. ಬೋರ್ಡ್ ಒರೆಸಿ, ಮಕ್ಕಳಿಗೆ ಬೆನ್ನು ಹಾಕಿ ಮತ್ತೆ ಚಿತ್ರ ಬರೆದಳು.

'ದೇವರೇ, ಇವನ ಕೈಯಲ್ಲಾ ನನ್ನ ಭವಿಷ್ಯ ಇರುವುದು!'

ಹೌದು, ಅವನ ಕೈಯಲ್ಲೇ ಇತ್ತು.

ತೊಂಬತ್ತಮೂರರ ಅಕ್ಟೋಬರ್ ಅದು. ಕೊಲ್ಲಿ ನಾಡಿನ ಮನಾಮಾದ ಆ ಭಾರತೀಯ ಶಾಲೆಯಲ್ಲಿ ಲೀಲಾಕ್ಷಿ ವಿಜ್ಞಾನ ಕಲಿಸಲು ಸೇರಿ ನಾಲ್ಕು ವರ್ಷವಾಗಿತ್ತು. ಬಿ.ಎಸ್ಸಿ. ಇತ್ತು, ಬಿ.ಎಡ್. ಇರಲಿಲ್ಲ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಜೂನ್‌ನಲ್ಲಿ ಆಡಳಿತ ಮಂಡಳಿಯ ಸರ್ಕ್ಯುಲರ್ ಬಂತು... ಬಿ.ಎಡ್. ಇಲ್ಲದವರ ಕಾಂಟ್ರಾಕ್ಟ್ ಬರುವ ವರ್ಷ ಮುಂದುವರಿಯುವುದಿಲ್ಲ. ಕಾಂಟ್ರಾಕ್ಟ್ ಹೋದರೆ ವೀಸಾ ಹೋಯಿತು. ವೀಸಾ ಹೋದರೆ ಕಾರ್ಕಳದ ಮನೆ, ಅಪ್ಪ ನೋಡಿಟ್ಟ ಯಾರೋ ಒಬ್ಬ ವರ!

ಉಳಿದದ್ದು ಒಂದೇ ದಾರಿ. ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಊರಿನ ವಿಶ್ವವಿದ್ಯಾಲಯವೊಂದು ಅಂಚೆಯ ಮೂಲಕ ಬಿ.ಎಡ್. ನಡೆಸುತ್ತಿತ್ತು. ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗಿ ಪರೀಕ್ಷೆ ಬರೆಯಬೇಕು. ಅದಕ್ಕೂ ಮೊದಲು ತನ್ನ ಶಾಲೆಯಲ್ಲೇ ನಲವತ್ತು ಪಾಠ ಮಾಡಬೇಕು. ಅದೇ ವಿಷಯದ, ಬಿ.ಎಡ್. ಆದ ಶಿಕ್ಷಕರೊಬ್ಬರು ನಲವತ್ತನ್ನೂ ಕೂತು ನೋಡಿ, ಪಾಠಯೋಜನೆಯ ಪುಸ್ತಕದಲ್ಲಿ ಒಂದೊಂದಕ್ಕೂ ಸಹಿ ಹಾಕಬೇಕು. ಮಾರ್ಚ್ ಮೂವತ್ತೊಂದರೊಳಗೆ ಪುಸ್ತಕ ತಲುಪದಿದ್ದರೆ ಹಾಲ್ ಟಿಕೆಟ್ ಇಲ್ಲ.

ಶಾಲೆಯಲ್ಲಿ ಅಂಥ ವಿಜ್ಞಾನ ಶಿಕ್ಷಕ ಒಬ್ಬನೇ ಒಬ್ಬ. ರಸ್ತೆಯಾಚೆಯ ಹೈಸ್ಕೂಲ್ ಕಟ್ಟಡದ ಹರಿನಾಥ. ಸುರತ್ಕಲ್ ಕಡೆಯವನು, ಇಲ್ಲಿಗೆ ಬಂದು ಆರು ವರ್ಷ. ಪ್ರಿನ್ಸಿಪಾಲ್ ಸಿಲ್ವೆಸ್ಟರ್ ಸರ್ ಅವನನ್ನೇ ನೇಮಿಸಿಬಿಟ್ಟಿದ್ದರು.

ಗಂಟೆ ಹೊಡೆದು ಮಕ್ಕಳು ಹೊರಗೋಡಿದರು. ಲೀಲಾಕ್ಷಿ ಪುಸ್ತಕ ಬಿಚ್ಚಿ ಅವನ ಮುಂದಿಟ್ಟಳು. ಹರಿನಾಥ ಜೇಬಿನಿಂದ ಪೆನ್ಸಿಲ್ ತೆಗೆದು ಬರೆದ. 'ಮಕ್ಕಳಿಗೆ ಬೆನ್ನು ಹಾಕಿ ಬರೆಯಬಾರದು. ಕೊನೆಯ ಐದು ಪ್ರಶ್ನೆಗಳು ಚೆನ್ನಾಗಿದ್ದವು.'

"ಸಹಿ, ಸರ್?"

"ಎಲ್ಲ ಮುಗೀಲಿ. ಒಟ್ಟಿಗೆ ಹಾಕುವ."

ಅವನು ಅವಳ ಮುಖ ನೋಡದೆ ಹೇಳಿದ. 'ಎಷ್ಟು ಜಂಬ!' ಅಂದುಕೊಂಡಳು ಲೀಲಾಕ್ಷಿ.

ಆದರೆ ಆ ಜಂಬ ಹತ್ತನೇ ಪಾಠದ ಹೊತ್ತಿಗೆ ಎಲ್ಲಿ ಹೋಯಿತೋ!

ರಾಟೆಯ ಪಾಠಕ್ಕೆ ಶಾಲೆಯ ಲ್ಯಾಬಿನಲ್ಲಿ ರಾಟೆಯೇ ಇರಲಿಲ್ಲ. ರಜೆಯ ಶುಕ್ರವಾರವಿಡೀ ಸೂಕ್ ಮಾರ್ಕೆಟಿನ ಹಾರ್ಡ್‌ವೇರ್ ಅಂಗಡಿಗಳನ್ನು ಅಲೆದು ಹರಿನಾಥ ಎರಡು ಕಬ್ಬಿಣದ ರಾಟೆ ತಂದುಕೊಟ್ಟ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ದಿನ ಕ್ಲಾಸಿನ ಅತಿ ಸಣ್ಣ ಹುಡುಗಿ ಒಂದು ಬಕೆಟ್ ನೀರನ್ನು ಒಂದೇ ಕೈಯಲ್ಲಿ ಮೇಲೆಳೆದಾಗ ಮಕ್ಕಳ ಜೊತೆ ಅವನೂ ಚಪ್ಪಾಳೆ ತಟ್ಟಿದ.

"ಆರು ವರ್ಷದಿಂದ ನಾನು ಸಿಲೆಬಸ್ ಮುಗಿಸ್ತಾ ಇದ್ದೇನೆ," ಅಂದ ಕಾರಿಡಾರಿನಲ್ಲಿ. "ನಿಮ್ಮ ಕ್ಲಾಸಲ್ಲಿ ಮಕ್ಕಳಿಗೆ ಗಂಟೆ ಹೊಡೆದದ್ದೇ ಗೊತ್ತಾಗುವುದಿಲ್ಲ. ನೀವು ಹುಟ್ಟಾ ಟೀಚರ್ರು."

ಆ ಮಾತನ್ನು ಲೀಲಾಕ್ಷಿ ಸೆಗಯಾ ಬಡಾವಣೆಯ ತನ್ನ ಫ್ಲ್ಯಾಟಿನವರೆಗೂ ಹೊತ್ತುಕೊಂಡು ಬಂದಳು. ಫ್ಲ್ಯಾಟಿನಲ್ಲಿ ಅವಳ ಜೊತೆಗಿದ್ದವಳು ಅದೇ ಶಾಲೆಯ ಕೆ.ಜಿ. ಟೀಚರ್ ರೆಜಿನಾ. ಬಾಯಿ ಸುಮ್ಮನಿರದವಳು.

"ಎಂತ ಮಾರಾಯ್ತಿ, ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೀಯ! ಇವತ್ತು ಪಾಠ ಇತ್ತಾ?"

"ಹೋಗೇ!"

ನಕ್ಕಳು, ಆದರೆ ಅಲ್ಲಗಳೆಯಲಿಲ್ಲ. ಪಾಠವಿಲ್ಲದ ದಿನ ಅವಳಿಗೆ ಶಾಲೆಯೇ ಬೇಡವಾಗತೊಡಗಿತ್ತು.

ಫೆಬ್ರವರಿಯಲ್ಲಿ ರಂಜಾನ್ ಬಂತು. ಶಾಲೆಯ ಪೀರಿಯಡ್ಡುಗಳು ಮೂವತ್ತು ನಿಮಿಷಕ್ಕೆ ಇಳಿದವು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ನಲವತ್ತು ನಿಮಿಷಕ್ಕಿಂತ ಕಡಿಮೆಯಾದರೆ ಅದು ಪಾಠವೇ ಅಲ್ಲ! ಮೂವತ್ತೈದಕ್ಕೆ ನಿಂತ ಪಾಠಗಳು ಇಡೀ ತಿಂಗಳು ಹಾಗೇ ಉಳಿದವು. ಪುಸ್ತಕದಲ್ಲಿ ಒಂದೂ ಸಹಿ ಇರಲಿಲ್ಲ. ಕೇಳಿದಾಗಲೆಲ್ಲ ಹರಿನಾಥನದು ಅದೇ ಉತ್ತರ... "ಎಲ್ಲ ಮುಗೀಲಿ."

"ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡ," ಅಂದಳು ರೆಜಿನಾ ಒಂದು ಸಂಜೆ. "ಅವನ ಚಿಕ್ಕಪ್ಪನ ಮಗಳು ಬಿ.ಎಡ್. ಮುಗಿಸಿ ಊರಲ್ಲಿ ಕೂತಿದ್ದಾಳಂತೆ. ನಿನ್ನ ಜಾಗ ಖಾಲಿಯಾದ್ರೆ ಯಾರಿಗೆ ಲಾಭ?"

"ಅವರು ಅಂಥವರಲ್ಲ."

"ಮತ್ತೆ ಪೆನ್ಸಿಲ್ಲಲ್ಲಿ ಯಾಕೆ ಬರೀತಾನೆ?"

ಆ ಪ್ರಶ್ನೆ ಲೀಲಾಕ್ಷಿಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಈದ್ ರಜೆ ಮುಗಿದ ಮೇಲೆ ದಿನಕ್ಕೆರಡರಂತೆ ಪಾಠ ಮಾಡಿ, ಮಾರ್ಚ್ ಇಪ್ಪತ್ತೊಂದರ ಸೋಮವಾರ ನಲವತ್ತನೆಯದನ್ನೂ ಮುಗಿಸಿದಳು. ಮಕ್ಕಳು ಹೋದ ಮೇಲೆ ಪೆನ್ನಿನ ಕ್ಯಾಪ್ ತೆಗೆದು ತಾನೇ ಅವನ ಮುಂದಿಟ್ಟಳು.

"ಬುಧವಾರ ಕೊರಿಯರ್ ಹೋಗ್ಬೇಕು ಸರ್. ಈಗ ಹಾಕಿ."

ಹರಿನಾಥ ಪೆನ್ನು ಮುಟ್ಟಲಿಲ್ಲ.

"ನಂಗೆ ಗೊತ್ತುಂಟು!" ಅವಳ ದನಿ ಒಡೆಯಿತು. "ನಿಮ್ಮ ಚಿಕ್ಕಪ್ಪನ ಮಗಳಿಗೆ ನನ್ನ ಜಾಗ ಬೇಕು. ಅದಕ್ಕೇ ಅಲ್ವಾ ಇಷ್ಟು ದಿನ ಈ ಆಟ?"

"ಯಾರು, ಸುಮಿತ್ರನಾ? ಅವಳು ಮದುವೆಯಾಗಿ ಬೊಂಬಾಯಿಗೆ ಹೋಗಿ ವರ್ಷ ಆಯ್ತು..."

"ಮತ್ತೆ ಯಾಕೆ? ಯಾಕೆ ಸರ್?"

ಅವನು ಬೆಂಚಿನಿಂದ ಎದ್ದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನು ಬಿ.ಎಡ್. ಪಾಸಾಗಿಲ್ಲ, ಲೀಲಾಕ್ಷಿ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಒಂದು ಪೇಪರ್. ಶಿಕ್ಷಣ ಮನೋವಿಜ್ಞಾನ. ಎರಡು ಸಲ ಬರೆದೆ, ಎರಡು ಸಲವೂ ಹೋಯ್ತು. ಬೊಂಬಾಯಿಯ ಇಂಟರ್‌ವ್ಯೂನಲ್ಲಿ ರಿಸಲ್ಟ್ ಬರ್ಲಿಕ್ಕುಂಟು ಅಂತ ಹೇಳಿದೆ. ಆಮೇಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಸರ್ಕ್ಯುಲರ್ ಬಂದ ಮೇಲೆ ಸರ್ಟಿಫಿಕೇಟ್ ಊರಿಂದ ತರಿಸ್ತೇನೆ ಅಂತ ದಿನ ದೂಡ್ತಾ ಇದ್ದೇನೆ. ನಾನು ಸಹಿ ಹಾಕಿದ್ರೆ ನಿಮ್ಮ ನಲವತ್ತು ಪಾಠವೂ ಸುಳ್ಳಾಗ್ತದೆ. ಪೆನ್ಸಿಲ್ಲಲ್ಲಿ ಬರ್ದದ್ದೂ ಅದಕ್ಕೇ."

"ಮೊದಲ ದಿನವೇ ಹೇಳಿದ್ರೆ ಬೇರೆ ಶಾಲೆಯವರ ಕಾಲು ಹಿಡೀತಿದ್ದೆನಲ್ಲ!" ಲೀಲಾಕ್ಷಿ ಕಿರುಚಿದಳು. "ಆರು ತಿಂಗಳು ಸುಮ್ಮನೆ ಕೂತು ನೋಡಿದ್ರಲ್ಲ!"

"ಮೊದಲು ಕೆಲಸ ಹೋಗ್ತದೆ ಅಂತ ಹೆದರಿಕೆ. ಆಮೇಲೆ... ಹೇಳಿದ್ರೆ ನಿಮ್ಮ ಕ್ಲಾಸಿಗೆ ಬರ್ಲಿಕ್ಕೆ ಆಗುವುದಿಲ್ಲ ಅಂತ ಹೆದರಿಕೆ." ಅವನು ತಲೆ ತಗ್ಗಿಸಿದ. "ನಿಮ್ಮನ್ನು ನೋಡ್ಲಿಕ್ಕೇ ಬರ್ತಿದ್ದೆ. ನಾಳೆ ಹೇಳುವ, ನಾಳೆ ಹೇಳುವ ಅಂತ ಇಲ್ಲಿವರೆಗೆ ಬಂತು. ನನ್ನ ಸ್ವಾರ್ಥ ಅದು."

ಎಷ್ಟು ದಿನದಿಂದ ಅವನ ಬಾಯಲ್ಲಿ ಕೇಳಬೇಕೆಂದು ಕಾದಿದ್ದ ಮಾತು! ಬಂದದ್ದು ಇಂಥ ಹೊತ್ತಿನಲ್ಲಿ, ಇಂಥ ಮಾತಿನ ಬೆನ್ನಿಗೆ. ಖುಷಿಪಡಲು ಅವಳಲ್ಲಿ ಏನೂ ಉಳಿದಿರಲಿಲ್ಲ.

"ಹಾಗಿದ್ರೂ ಹಾಕಿ!" ಪುಸ್ತಕವನ್ನು ಅವನೆಡೆಗೆ ತಳ್ಳಿದಳು. "ಯಾರು ನೋಡ್ತಾರೆ? ಪ್ರಿನ್ಸಿಪಾಲರ ಸೀಲುಂಟು, ಸಾಕು. ಹಾಕಿ ಸರ್, ದಮ್ಮಯ್ಯ..."

"ಇಲ್ಲ."

"ಹರಿ ಸರ್!"

"ಹಾಕಿದ್ರೆ ಸರ್ಟಿಫಿಕೇಟ್ ಬರಬಹುದು. ಮತ್ತೆ ಎಲ್ಲಿ, ಯಾರು ಕಾಗದ ಕೇಳಿದ್ರೂ ನಿಮ್ಮ ಎದೆ ಹೊಡ್ಕೊಳ್ತದೆ. ಆರು ವರ್ಷ ನಾನು ಹಾಗೆ ಬದುಕಿದ್ದೇನೆ. ಆ ಬದುಕು ನಿಮಗೆ ಬೇಡ."

"ನಂಗೆ ಎಂತ ಬೇಕು, ಎಂತ ಬೇಡ ಅಂತ ಹೇಳ್ಲಿಕ್ಕೆ ನೀವು ಯಾರು?"

ಲೀಲಾಕ್ಷಿ ಪುಸ್ತಕವನ್ನು ಬ್ಯಾಗಿಗೆ ತುರುಕಿ ಹೊರಟುಹೋದಳು. ಟ್ಯಾಕ್ಸಿಯಲ್ಲಿ ಕೂತ ಮೇಲೆ ತಡೆಯಲಾಗದೆ ಅತ್ತುಬಿಟ್ಟಳು.

ಬುಧವಾರ ಬಂತು, ಹೋಯಿತು. ಮಾರ್ಚ್ ಮೂವತ್ತೊಂದೂ ದಾಟಿತು.

ಏಪ್ರಿಲ್ ಮೊದಲ ವಾರ ಸಿಲ್ವೆಸ್ಟರ್ ಸರ್ ಅವಳನ್ನು ಕರೆಸಿದರು. ಮೇಜಿನ ಮೇಲೆ ಹರಿನಾಥನ ಕೈಬರಹದ ಮೂರು ಹಾಳೆಗಳಿದ್ದವು.

"ಎಲ್ಲ ಬರ್ದು ಕೊಟ್ಟಿದ್ದಾನೆ," ಅಂದರು ಅವರು ಕನ್ನಡಕ ತೆಗೆದು. "ಯಾರೂ ಕೇಳಿರ್ಲಿಲ್ಲ, ತಾನೇ ಬಂದ. ತಪ್ಪೆಲ್ಲ ತನ್ನದು, ನಿನಗೆ ಇನ್ನೊಂದು ವರ್ಷ ಕೊಡ್ಬೇಕು ಅಂತ. ನಾನು ಮಂಡಳಿಯಲ್ಲಿ ಜಗಳವೂ ಆಡಿದೆ. ಆಗ್ಲಿಲ್ಲಮ್ಮ. ಜೂನ್‌ಗೆ ನಿನ್ನ ಕಾಂಟ್ರಾಕ್ಟ್ ಮುಗೀತದೆ."

"ಮುಂದಿನ ವರ್ಷ ಮತ್ತೆ ಅಂಚೆ ಬಿ.ಎಡ್.ಗೆ..."

"ಕೆಲಸದಲ್ಲಿ ಇರುವವರಿಗೆ ಮಾತ್ರ ಅಲ್ವಾ ಅದು?"

ಹೌದಲ್ಲ... ಜೂನ್ ಆದ ಮೇಲೆ ಅವಳು ಯಾವ ಶಾಲೆಯ ಶಿಕ್ಷಕಿಯೂ ಅಲ್ಲ. ಆ ದಾರಿಯೂ ಮುಚ್ಚಿತು.

"ಮತ್ತೆ... ಅವರು?"

"ವೀಸಾ ಕ್ಯಾನ್ಸಲ್ ಆಯ್ತು. ಗುರುವಾರ ಮಧ್ಯಾಹ್ನದ ಫ್ಲೈಟು."

ನಡುವೆ ಉಳಿದ ಎರಡು ದಿನ 'ಹೋಗಲಿ! ನನ್ನ ಬದುಕು ಹಾಳು ಮಾಡಿದವನು ಹೋಗಲಿ!' ಎಂದು ನೂರು ಸಲ ಹೇಳಿಕೊಂಡಳು. ಅವನ ಮೌನದಿಂದ ತನ್ನ ವರ್ಷ ಹಾಳಾಯಿತು, ಅದು ನಿಜ. ತಾನು ಕಾಲಿಗೆ ಬಿದ್ದಂತೆ ಬೇಡಿದರೂ ಅವನು ಸುಳ್ಳು ಸಹಿ ಹಾಕಲಿಲ್ಲ, ತಾನಾಗಿ ಹೋಗಿ ಕೆಲಸ ಕಳೆದುಕೊಂಡ, ಅದೂ ನಿಜ. ಎರಡರಲ್ಲಿ ಯಾವುದನ್ನು ಮರೆಯಲೂ ಅವಳಿಂದಾಗಲಿಲ್ಲ.

ಗುರುವಾರ ಅಲ್ಲಿ ವಾರದ ರಜೆ. ಬೆಳಗಿನಿಂದ ಒಂದೇ ಬಟ್ಟೆಯನ್ನು ಮೂರು ಸಲ ಇಸ್ತ್ರಿ ಮಾಡುತ್ತಿದ್ದವಳ ಕೈಯಿಂದ ರೆಜಿನಾ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡಳು.

"ಚಿಕ್ಕಪ್ಪನ ಮಗಳ ವಿಷಯ ಸರಿಯಾಗಿ ತಿಳೀದೆ ಹೇಳಿದ್ದು ನನ್ನ ತಪ್ಪು, ಲೀಲಾ. ಕೆಳಗೆ ಟ್ಯಾಕ್ಸಿ ನಿಲ್ಲಿಸಿದ್ದೇನೆ. ಬೈಲಿಕ್ಕಾದ್ರೂ ಹೋಗು!"

ವಿಮಾನ ನಿಲ್ದಾಣದ ಬಾಗಿಲ ಬಳಿ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆಯ ಪಕ್ಕ ಹರಿನಾಥ ಒಬ್ಬನೇ ನಿಂತಿದ್ದ. ಅವಳು ಕಾಣದ ಹದಿನೇಳು ದಿನದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದ. ಅವಳನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ.

"ಲೀಲಾಕ್ಷಿ..."

"ಕ್ಷಮಿಸ್ಲಿಕ್ಕೆ ಬಂದದ್ದಲ್ಲ ನಾನು."

"ಗೊತ್ತು."

"ಕೋಪ ಉಂಟು. ಜೂನ್‌ನಲ್ಲಿ ಊರಿಗೆ ಬಂದ ಮೇಲೂ ಇರ್ತದೆ. ಬೇರೆಯವರ ಮಕ್ಕಳು ಶಾಲೆಗೆ ಹೋಗುವುದನ್ನು ನೋಡಿದಾಗಲೆಲ್ಲ ಬರ್ತದೆ."

"ಬರ್ಲಿ. ಬರ್ಬೇಕು." ಅವನ ಕಣ್ಣು ತುಂಬಿತು. "ನನ್ನಿಂದ ನಿಮಗೆ ಕೊಡ್ಲಿಕ್ಕೆ ಏನೂ ಉಳಿದಿಲ್ಲ. ನೀವು ಬಂದ್ರಲ್ಲ, ಅಷ್ಟು ಸಾಕು. ನನ್ನನ್ನು ಮರ್ತುಬಿಡಿ."

"ಮರೀಲಿಕ್ಕಾಗ್ತಿದ್ರೆ ಬರ್ತಿದ್ದೆನಾ?"

ಬಾಂಬೆ ವಿಮಾನದ ಪ್ರಯಾಣಿಕರನ್ನು ಕರೆಯತೊಡಗಿದರು. ಲೀಲಾಕ್ಷಿ ಅಳುತ್ತಲೇ ಅವನ ಅಂಗಿಯ ತೋಳು ಹಿಡಿದಳು. ಇಷ್ಟು ತಿಂಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಕಾರ್ಕಳಕ್ಕೆ ಬಂದು ನನ್ನ ಅಪ್ಪನ ಹತ್ರ ಕೇಳ್ತೀರಾ?"

ಅವನು ನಂಬಲಾರದೆ ನೋಡಿದ. "ಎಂತ ಹೇಳಿ ಕೇಳ್ಲಿ? ಕೆಲಸ ಇಲ್ಲ. ಡಿಗ್ರಿ ಇಲ್ಲ. ಮಗಳ ಕೆಲಸ ಕಳೆದವನೂ ನಾನೇ..."

"ಅದನ್ನೇ ಹೇಳಿ. ಅಷ್ಟನ್ನೂ ಹೇಳಿ. ಒಂದೂ ಮುಚ್ಚಿಡ್ಬೇಡಿ."

"ಅವರು ಹೂಂ ಅನ್ನುವುದಿಲ್ಲ, ಲೀಲಾ."

"ಗೊತ್ತು," ಅಂದಳು ಕಣ್ಣೊರೆಸಿಕೊಳ್ಳುತ್ತ. "ಆದ್ರೆ ನಾನು ಅಂತೇನೆ."