ಶಿಫಾರಸು ಬರೆಯದ ಮೇಷ್ಟ್ರು

ಅಂಗಳದಲ್ಲಿ ನಾನೂ ಮಗಳೂ ಹಾಸಿಗೆಯ ಹೊದಿಕೆ ಹಿಂಡುತ್ತಿದ್ದೆವು. ದಪ್ಪ ಹೊದಿಕೆ, ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹಿಡಿದು ತಿರುಚುತ್ತಿದ್ದಾಗ ಗೇಟಿನ ಸದ್ದಾಯಿತು. ಮಗಳು ಕತ್ತೆತ್ತಿ ನೋಡಿದಳು. ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ತುದಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ಒಗೆದ ಹೊದಿಕೆ ಮಣ್ಣಾಯಿತು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಬಂದವರು ನಲವತ್ತು ದಾಟಿದ ಗಂಡಸು. ಹೆಗಲಲ್ಲಿ ಚೀಲ, ಮೂಗಿನ ಮೇಲೆ ಜಾರಿದ ಕನ್ನಡಕ.

"ಮೀಟರ್ ಆ ಮೂಲೆಯಲ್ಲಿದೆ, ಓದ್ಕೊಂಡು ಹೋಗಿ" ಎಂದೆ.

"ಮೀಟರ್ ಓದೋಕೆ ಬಂದಿಲ್ಲ, ಮೇಡಂ. ನಿಮ್ಮ ಮಗಳ ಶಾಲೆಯಿಂದ ಬಂದೆ. ಯೂನಿವರ್ಸಿಟಿ ಅರ್ಜಿಗಳನ್ನ ನೋಡ್ಕೊಳ್ಳೋನು ನಾನು."

ನನ್ನನ್ನು ಅದುವರೆಗೆ ಯಾರೂ ಮೇಡಂ ಎಂದು ಕರೆದಿರಲಿಲ್ಲ. ಇವರ ಹೆಸರು ಕೇಳಿದ್ದೆ. ಸರ್ಕಾರಿ ಶಾಲೆಯ ಮಕ್ಕಳು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವುದಕ್ಕೆ ಸಹಾಯ ಮಾಡಲೆಂದು ಆ ವರ್ಷ ಬಂದಿದ್ದರು. ಮಕ್ಕಳು ಅವರನ್ನು ಅರ್ಜಿ ಮೇಷ್ಟ್ರು ಎನ್ನುತ್ತಿದ್ದರು.

"ಅವಳು ಕ್ಲಾಸಿಗೆ ಬರ್ತಿಲ್ಲ" ಎಂದರು. ಹೇಳುತ್ತಲೇ ಬಗ್ಗಿ ಹೊದಿಕೆಯ ಮಣ್ಣಾದ ತುದಿಯನ್ನು ಎತ್ತಿಕೊಂಡರು, ನಲ್ಲಿಯ ಕೆಳಗೆ ತೊಳೆದರು, ನನ್ನೆದುರು ಬಂದು ನಿಂತರು. "ತಿರುಗಿಸಿ. ಹಿಂಡೋದು ನನಗೂ ಬರುತ್ತೆ."

ಬರುತ್ತಿರಲಿಲ್ಲ. ನನ್ನ ಕೈ ಹೋದ ಕಡೆಗೇ ಕನ್ನಡಿಯ ಹಾಗೆ ಅವರ ಕೈಯೂ ಹೋಗುತ್ತಿತ್ತು. ಹೊದಿಕೆ ಇಬ್ಬರ ನಡುವೆ ಹಗ್ಗದಾಟದ ಹಗ್ಗದಂತೆ ಸುಮ್ಮನೆ ಉರುಳುತ್ತಿತ್ತು, ಒಂದು ತೊಟ್ಟು ನೀರು ಬೀಳಲಿಲ್ಲ.

"ನನ್ನನ್ನ ನೋಡ್ಬೇಡಿ, ಸರ್. ನೀವು ನಿಮ್ಮ ಬಲಕ್ಕೆ ತಿರುಗಿಸಿ."

"ನೋಡದೆ ಹೇಗೆ ಕಲೀಲಿ?" ಎಂದರು. ಆಮೇಲೆ ಆ ಮಾತು ಎಲ್ಲಿಗೆ ಹೋಗಿ ತಾಗಿತೆಂದು ಅವರಿಗೇ ಹೊಳೆದು, ಕನ್ನಡಕದ ಹಿಂದಿನ ಕಣ್ಣು ನೆಲ ನೋಡಿತು. ಕೈ ಬಲಕ್ಕೆ ತಿರುಗಿತು, ಹೊದಿಕೆಯಿಂದ ನೀರು ಸುರಿಯಿತು.

ಕ್ಲಾಸಿನ ಮಾತಿಗೆ ಮಗಳು ಒಳಗಿನಿಂದಲೇ ಉತ್ತರ ಕೊಟ್ಟಳು. "ನಾನು ಬರಲ್ಲ. ಎಲ್ಲರೂ ಅವರವರ ಮನೆ ಕಷ್ಟ ಬರೀಬೇಕಂತೆ. ಓದಿದವರ ಕಣ್ಣಲ್ಲಿ ನೀರು ಬರ್ಬೇಕು ಅಂತ ಹೆಡ್‌ಮೇಡಂ ಹೇಳಿದ್ದಾರೆ. ನಮ್ಮಪ್ಪ ಸತ್ತಿದ್ದನ್ನ ನಾನು ಮಾರಲ್ಲ."

ಅವಳಪ್ಪ ಬಹಳ ಕಾಲ ಆಸ್ಪತ್ರೆಯಲ್ಲಿ ಮಲಗಿ ಹೋದರು. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನ ಕೆಲಸ. ಅವರು ಮಲಗಿದ್ದ ವಾರ್ಡಿನ ಹೊದಿಕೆಗಳು ಈಗಲೂ ನನ್ನ ಕೈಗೇ ಬರುತ್ತವೆ.

ಅರ್ಜಿ ಮೇಷ್ಟ್ರು ಬಾಗಿಲ ಹತ್ತಿರ ಹೋದರು. "ಮಾರೋದು ಬೇಡಮ್ಮ. ಕೆಲಸ ಇಲ್ಲದೆ ಸುಮ್ನೆ ಕೂತಾಗ ಏನು ಯೋಚಿಸ್ತೀಯೋ ಅದನ್ನ ಬರಿ."

"ಅದನ್ನ ಓದಿದ್ರೆ ಯಾರಿಗೂ ಅಳು ಬರಲ್ಲ."

"ಬರದೇ ಇರ್ಲಿ. ಅರ್ಜಿ ಓದೋರೂ ಬೆಳಗ್ಗಿಂದ ಅತ್ತು ಅತ್ತು ಸುಸ್ತಾಗಿರ್ತಾರೆ."

ಬಾಗಿಲು ಒಂದು ಬೆರಳಗಲ ತೆರೆಯಿತು.

ಆಮೇಲೆ ಭಾನುವಾರಗಳಂದು ಅವರು ಮನೆಗೇ ಬರತೊಡಗಿದರು. ಮೊದಲ ಸಲ ಅಡುಗೆಮನೆಯ ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳನ್ನು ನೋಡಿ, "ಮಗಳ ಎತ್ತರದ ಗುರುತಾ? ಹೀಗೆ ಅಡ್ಡಡ್ಡ ಬೆಳೆದಿದ್ದಾಳಾ?" ಎಂದು ಕೇಳಿದರು.

"ಅವಳದ್ದಲ್ಲ, ಗೋಡೆ ಬಿರುಕಿನ ಗುರುತು. ತಿಂಗಳಿಗೆ ಎಷ್ಟು ಬೆಳೀತು ಅಂತ ಗೀಟು ಹಾಕ್ತಾಳೆ. ಬೇಡ ಅಂದ್ರೆ ಕೇಳಲ್ಲ."

ಅವರು ಮಗಳ ಕಡೆ ತಿರುಗಿದರು. ಅವಳಿಗೆ ನಾಚಿಕೆಯಾಯಿತು. ಬೇಸಿಗೆಯಲ್ಲಿ ಬಿರುಕು ನಿಲ್ಲುತ್ತದೆ, ಪಕ್ಕದ ರಸ್ತೆಯಲ್ಲಿ ಲಾರಿ ಓಡಾಟ ಶುರುವಾದರೆ ಹರಿಯುತ್ತದೆ ಎಂದೆಲ್ಲ ತಡವರಿಸುತ್ತ ಹೇಳಿದಳು. ಕಟ್ಟಡಗಳು ಯಾಕೆ ಬೀಳುತ್ತವೆ ಎಂದು ಓದಬೇಕು ಎಂಬ ಆಸೆಯನ್ನು ನನ್ನ ಮುಂದೆ ಒಂದು ದಿನವೂ ಆಡಿರಲಿಲ್ಲ.

"ಇದನ್ನೇ ಬರೀತೀಯ" ಎಂದರು ಮೇಷ್ಟ್ರು.

ಅವಳು ಬರೆಯುತ್ತಿದ್ದಳು, ಅವರು ಹೊಡೆದು ಹಾಕುತ್ತಿದ್ದರು. "'ಅಪಾರ ಕುತೂಹಲ' ಅಂದ್ರೆ ಎಷ್ಟಮ್ಮ, ಬಕೆಟ್ ಲೆಕ್ಕದಲ್ಲಿ ಹೇಳು" ಎನ್ನುತ್ತಿದ್ದರು. ಅವಳು ಮುಖ ಊದಿಸಿಕೊಂಡು ಮತ್ತೆ ಬರೆಯುತ್ತಿದ್ದಳು. ನಾನು ಒಣಗಿದ ಬಟ್ಟೆಗಳನ್ನು ಮಡಚುತ್ತ ಕೂರುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ್ದೂ ಉಂಟು.

ಅವರು ಎದುರು ಕುಳಿತಿರುವಾಗ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಬ್ಲೀಚಿಂಗ್ ನೀರು ತಿಂದ ಕೈಗಳು, ಬೆರಳ ತುದಿ ಸಿಪ್ಪೆ ಸುಲಿದು ಕೆಂಪಾಗಿರುತ್ತವೆ. ಒಂದು ದಿನ ಚಹಾ ಕೊಡುವಾಗ ಅವರು ಲೋಟ ತೆಗೆದುಕೊಳ್ಳದೆ ಬೆರಳುಗಳನ್ನೇ ನೋಡುತ್ತಿದ್ದರು.

"ಬಿಸಿ ಇದೆ, ಸರ್. ಬೇಗ ತಗೊಳ್ಳಿ."

"ನಿಮಗೆ ಸುಡಲ್ವಾ?"

"ಈ ಬೆರಳಿಗೆ ಏನೂ ಗೊತ್ತಾಗಲ್ಲ."

"ಅದು ಒಳ್ಳೆ ಸುದ್ದಿ ಅಲ್ಲ" ಎಂದು ಲೋಟ ತೆಗೆದುಕೊಂಡರು. ತೆಗೆದುಕೊಳ್ಳುವಾಗ ಅವರ ಬೆರಳು ತಾಗಿತು. ಗೊತ್ತಾಯಿತು.

ಅವರಿಗೆ ಮದುವೆಯಾಗಿತ್ತು, ಉಳಿಯಲಿಲ್ಲ. ಹೆಚ್ಚು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಸರ್ಕಾರಿ ಶಾಲೆಯಿಂದಲೇ ಅಂಥ ದೊಡ್ಡ ಕಡೆ ಓದಲು ಹೋದವರು. ಅಲ್ಲಿ ಮೊದಲ ವರ್ಷವೆಲ್ಲ ಯಾರ ಹತ್ತಿರವೂ ಮಾತಾಡದೆ ಕಳೆದೆ ಎಂದು ಒಮ್ಮೆ ನಗುತ್ತ ಹೇಳಿದರು. ನಗು ತುಟಿಯಲ್ಲಿ ಮಾತ್ರ ಇತ್ತು.

ನನ್ನ ಜೊತೆ ಕೆಲಸ ಮಾಡುವ ಇಸ್ತ್ರಿ ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. ನಾನು ಒಂದು ಮಾತೂ ಹೇಳಿರಲಿಲ್ಲ. "ಸೋಮವಾರ ಬಂತು ಅಂದ್ರೆ ನಿನ್ನ ಮುಖಕ್ಕೂ ಇಸ್ತ್ರಿ ಬಿದ್ದಿರುತ್ತಲ್ಲೇ" ಎಂದಳು.

"ಸುಮ್ನಿರಕ್ಕ. ಮಗಳ ಮೇಷ್ಟ್ರು ಅವರು."

"ನಾನೇನು ಬೇರೆ ಯಾರಾದ್ರೂ ಅಂದ್ನಾ?"

ಅರ್ಜಿ ಕಳಿಸುವ ದಿನ ಹತ್ತಿರವಾಯಿತು. ಮಗಳ ಬರಹ ಮುಗಿದಿತ್ತು. ಉಳಿದದ್ದು ಶಿಫಾರಸು ಪತ್ರ. ವಿದ್ಯಾರ್ಥಿಯನ್ನು ಚೆನ್ನಾಗಿ ಬಲ್ಲ ಮೇಷ್ಟ್ರೊಬ್ಬರು ಅವಳ ಬಗ್ಗೆ ಬರೆಯಬೇಕು. ನೂರಾರು ಮಕ್ಕಳಲ್ಲಿ ಮೂರ್ನಾಲ್ಕು ಮಕ್ಕಳನ್ನು ಮಾತ್ರ ಆರಿಸುವ ಜಾಗದಲ್ಲಿ ಆ ಪತ್ರದ ತೂಕ ಬಹಳ ಎಂದು ಅವರೇ ಹೇಳಿದ್ದರು. ಮಗಳ ಪತ್ರವನ್ನು ಅವರೇ ಬರೆಯುವುದೆಂದು ಮಾತಾಗಿತ್ತು.

ಆ ವಾರ ಒಂದು ಮಧ್ಯಾಹ್ನ ಅವರು ಆಸ್ಪತ್ರೆಯ ಹಿಂದಿನ ಗೇಟಿಗೆ ಬಂದರು. ಬಿಸಿನೀರಿನ ಆವಿ ಕಿಟಕಿಗಳಿಂದ ಹೊರಗೆ ನುಗ್ಗುತ್ತಿತ್ತು. ರಕ್ತದ ಕಲೆಯ ಬಟ್ಟೆಗಳ ಗಾಡಿ ಪಕ್ಕದಲ್ಲೇ ನಿಂತಿತ್ತು. ನಾನು ಒದ್ದೆ ಕೈಯಲ್ಲೇ ಹೋದೆ.

"ಪತ್ರದ ಜೊತೆ ಒಂದು ಪ್ರಶ್ನೆ ಇರುತ್ತೆ" ಎಂದರು. "ಬರೆಯೋರಿಗೂ ವಿದ್ಯಾರ್ಥಿಯ ಮನೆಯವರಿಗೂ ಆಪ್ತ ಸಂಬಂಧ ಇದೆಯೇ, ಅಂತ. ಹೌದು ಅಥವಾ ಇಲ್ಲ. ಹೌದು ಅಂದ್ರೆ ಆ ಪತ್ರ ಲೆಕ್ಕಕ್ಕಿಲ್ಲ. ಬೇರೆ ಮಕ್ಕಳದ್ದೆಲ್ಲ ಇಲ್ಲ ಅಂತ ಹಾಕಿ ಕಳಿಸ್ದೆ. ನಿಮ್ಮ ಮಗಳದ್ದು ಮಾತ್ರ ಮೇಜಿನ ಮೇಲೇ ಇದೆ."

"ಇಲ್ಲ ಅಂತ ಹಾಕಿ."

"ಫಾರಂಗೆ ಹೇಳ್ತಿದ್ದೀರಾ, ನನಗೆ ಹೇಳ್ತಿದ್ದೀರಾ?"

ನಾನು ಬಟ್ಟೆಗಾಡಿಯನ್ನು ನೋಡಿದೆ. ಅವಳು ಬಿರುಕಿನ ಪಕ್ಕ ಗೀಟು ಹಾಕುತ್ತ ಕೂತಿದ್ದ ಎಷ್ಟೋ ಸಂಜೆಗಳು ಕಣ್ಣೆದುರು ಬಂದವು.

"ಇಬ್ರಿಗೂ" ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದಷ್ಟೂ ಆವಿ ಮತ್ತೆ ಕೂರುತ್ತಿತ್ತು.

"ಸರಿ. ನಿಮ್ಮ ಕಡೆಯಿಂದ ಇಲ್ಲ ಅಂತಾಯ್ತು. ನನ್ನ ಕಡೆಯಿಂದ ಇದೆ. ನಾನು ಇಲ್ಲ ಅಂತ ಹೇಗೆ ಹಾಕ್ಲಿ?"

ಒಬ್ಬ ಗಂಡಸು ನನಗೆ ಆ ಮಾತನ್ನು ಹೇಳಿ ಎಷ್ಟು ಕಾಲವಾಗಿತ್ತೋ. ಅದು ಬಂದದ್ದು ಅಂಥ ಜಾಗದಲ್ಲಿ, ಅಂಥ ಹೊತ್ತಿನಲ್ಲಿ. ಖುಷಿಪಡಲೂ ಆಗಲಿಲ್ಲ.

"ಒಂದು ಗೀಟು ಎಳೆಯೋಕೆ ಇಷ್ಟು ಯೋಚನೆನಾ, ಸರ್? ಅವಳ ಬದುಕು ಅದು."

"ಅದಕ್ಕೇ ಎಳೀತಿಲ್ಲ. ನಾನು ಪ್ರತಿ ಭಾನುವಾರ ನಿಮ್ಮ ಮನೆಗೆ ಬರೋದು ಬೀದಿಗೆಲ್ಲ ಗೊತ್ತು. ನಾಳೆ ಯಾರಾದ್ರೂ ಒಂದು ಮಾತು ಬರೆದು ಹಾಕಿದ್ರೆ ಅವಳ ಅರ್ಜಿ ಕಸದಬುಟ್ಟಿಗೆ ಹೋಗುತ್ತೆ. ಮುಂದಿನ ವರ್ಷ ಈ ಶಾಲೆಯಿಂದ ಯಾರು ಹಾಕಿದ್ರೂ ಅನುಮಾನದಿಂದ ನೋಡ್ತಾರೆ. ಇಷ್ಟೆಲ್ಲ ಇಲ್ದೇ ಇದ್ರೂ ನನ್ನ ಕೈಯಲ್ಲಿ ಆಗಲ್ಲ."

"ಮತ್ತೆ ಯಾರು ಬರೀತಾರೆ?"

"ಹೆಡ್‌ಮೇಡಂ."

"ಅವರಿಗೆ ಇವಳ ಮುಖ ಕೂಡ ಸರಿಯಾಗಿ ಗೊತ್ತಿಲ್ಲ."

"ನಾನು ಕೂತು ಹೇಳ್ತೀನಿ. ಆದ್ರೆ ಬರೆಯೋ ಕೈ ಅವರದು." ಕನ್ನಡಕ ಹಾಕಿಕೊಂಡು ಹೇಳಿದರು, "ಫಲಿತಾಂಶ ಬರೋವರೆಗೂ ನಾನು ನಿಮ್ಮ ಕಡೆ ಬರಲ್ಲ. ಅವಳಿಗೆ ಏನಂತ ಹೇಳ್ಲಿ?"

"ನಿಜ ಹೇಳ್ಬೇಡಿ. ಕೆಲಸ ಜಾಸ್ತಿ ಅಂದುಬಿಡಿ."

ಅವರು ತಲೆಯಾಡಿಸಿ ಹೋದರು. ನಾನು ಒಳಗೆ ಬಂದು ಬಟ್ಟೆ ತುಂಬಿದೆ. ಯಂತ್ರದ ಗದ್ದಲದಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ, ಅದೊಂದು ಅನುಕೂಲ.

ಹೆಡ್‌ಮೇಡಂ ಪತ್ರ ಬರೆದು ಮಗಳನ್ನು ಕರೆಸಿ ಹೆಮ್ಮೆಯಿಂದ ಓದಿ ತೋರಿಸಿದರಂತೆ. ವಿನಯವಂತೆ, ಶಿಸ್ತಿನ ಹುಡುಗಿ, ಎಲ್ಲ ಚಟುವಟಿಕೆಗಳಲ್ಲೂ ಮುಂದು, ಕಷ್ಟದ ಹಿನ್ನೆಲೆಯವಳು.

"ಅವರು ಯಾರ ಬಗ್ಗೆ ಬರೆದ್ರೋ ಆ ಹುಡುಗಿಗೆ ಸೀಟು ಸಿಗ್ಬಹುದು" ಎಂದು ಮಗಳು ನಕ್ಕಳು. ಆಮೇಲೆ ಬಟ್ಟಲ ಅಂಚನ್ನು ಉಜ್ಜುತ್ತ ಕೇಳಿದಳು, "ಸರ್ ಯಾಕೆ ಬರೀಲಿಲ್ಲ ಅಮ್ಮ? ನನ್ನ ಬರಹ ಅವರಿಗೆ ಇಷ್ಟ ಆಗ್ಲಿಲ್ವೇನೋ."

"ಹಾಗೇನಿಲ್ಲ ಕಣೇ. ಅವರಿಗೆ ಕೆಲಸ ಜಾಸ್ತಿ."

"ಹ್ಞೂಂ. ಇಷ್ಟ ಇಲ್ಲದವರಿಗೆ ಹಾಗೇ ಅಲ್ವಾ ಹೇಳೋದು."

ಉತ್ತರ ಬಾಯಿಗೆ ಬಂದು ನಿಂತಿತು. ಅರ್ಜಿ ಅಲ್ಲಿ ಇನ್ನೂ ಓದುತ್ತಿದ್ದಾರೆ, ಈಗ ಅವಳ ಮನಸ್ಸನ್ನು ಕದಡುವುದು ಬೇಡ ಎಂದು ನುಂಗಿದೆ.

ಆ ತಿಂಗಳುಗಳಲ್ಲಿ ಅವರನ್ನು ಒಮ್ಮೆ ಮಾತ್ರ ಕಂಡೆ. ಬಸ್ ನಿಲ್ದಾಣದ ಆ ಬದಿಯಲ್ಲಿ ಅವರು, ಈ ಬದಿಯಲ್ಲಿ ನಾನು. ತೆಳ್ಳಗಾಗಿದ್ದರು. ನನ್ನನ್ನು ಕಂಡದ್ದೇ ಒಂದು ಹೆಜ್ಜೆ ರಸ್ತೆಗೆ ಇಳಿದರು, ಹಾಗೇ ಹಿಂದಕ್ಕೆ ಇಟ್ಟರು. ದಾಟಿ ಬರಲಿಲ್ಲ. ಕಣ್ಣು ಮಾತ್ರ ದಾಟಿ ಬಂತು. ಅಷ್ಟು ಜನರ, ಅಷ್ಟು ಗಾಡಿಗಳ ನಡುವೆ ಬಂದು ನನ್ನ ಮುಖದ ಮೇಲೆ ನಿಂತಿತು. ನಾನು ಸೆರಗು ಸರಿಮಾಡಿಕೊಂಡೆ, ಸರಿಯಾಗಿದ್ದ ಸೆರಗನ್ನೇ. ಬಸ್ ಬಂದು ಅಡ್ಡ ನಿಂತಿತು. ಅದು ಹೋದಾಗ ಅವರಿರಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ಮಗಳು ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಇಲ್ವಂತೆ" ಎಂದಳು.

ಅವಳನ್ನು ತಬ್ಬಿಕೊಳ್ಳಲು ಹೋದೆ. ಕೈ ಒರಟಾಗಿ ಸರಿಸಿ ಸ್ನಾನಕ್ಕೆ ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು.

ಅದೇ ಶಾಲೆಯ ಇನ್ನೊಬ್ಬ ಹುಡುಗಿಗೆ ಸೀಟು ಸಿಕ್ಕಿತು. ಅವಳ ಪತ್ರವನ್ನು ಬರೆದದ್ದು ಅರ್ಜಿ ಮೇಷ್ಟ್ರು. ಮಗಳು ಹೋಗಿ ಅವಳಿಗೆ ಶುಭಾಶಯ ಹೇಳಿ ಬಂದಳು. ಮನೆಗೆ ಬಂದವಳು ಊಟ ಮಾಡಲಿಲ್ಲ. ಊರಿನ ಕಾಲೇಜಿಗೇ ಸೇರುತ್ತೇನೆ, ಅಲ್ಲಿ ಕಟ್ಟಡದ ವಿಷಯ ಇಲ್ಲ, ಇರುವುದನ್ನು ಓದುತ್ತೇನೆ ಎಂದು ಗೋಡೆಗೆ ಹೇಳಿದಂತೆ ಹೇಳಿದಳು. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಆ ಪುಟ್ಟ ಮನೆಯಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದೆವು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ ಮಾತು.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು.

"ಸರ್ ಹತ್ರ ಹೋಗಿದ್ದೆ."

ಚೀಲ ಕೆಳಗಿಟ್ಟೆ. "ಏನಂದ್ರು?"

"ನನ್ನ ಬರಹ ಚೆನ್ನಾಗಿತ್ತಂತೆ. ಈ ವರ್ಷ ಅವರು ನೋಡಿದ್ರಲ್ಲಿ ಅದೇ ಚೆನ್ನಾಗಿತ್ತಂತೆ. ಹಾಗಾದ್ರೆ ಪತ್ರ ಯಾಕೆ ಬರೀಲಿಲ್ಲ ಅಂದೆ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಅಂದ್ರು. ಯಾರಿಗೆ ಅಂದೆ. ಕನ್ನಡಕ ಒರೆಸೋಕೆ ಶುರು ಮಾಡಿದ್ರು." ಅವಳು ನನ್ನನ್ನು ನೋಡಲಿಲ್ಲ. "ನಾನೇನು ದಡ್ಡಿಯಲ್ಲಮ್ಮ."

ಪಕ್ಕದಲ್ಲಿ ಕೂತೆ. ಎಲ್ಲ ಹೇಳಿದೆ. ಫಾರಂನಲ್ಲಿ ಏನು ಕೇಳಿದ್ದರು, ನಾನು ಏನೆಂದೆ, ಅವರು ಏನೆಂದರು. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಬೈಗುಳಕ್ಕೆ ಕಾದೆ. ನೀವಿಬ್ಬರು ಸೇರಿ ನನ್ನ ಸೀಟು ಕಳೆದಿರಿ ಎನ್ನುತ್ತಾಳೆಂದುಕೊಂಡೆ.

ಅವಳು ಅತ್ತಳು. ನನಗೆ ಒರಗಿಕೊಳ್ಳದೆ, ಬೇರೆಯಾಗಿ ಕೂತು, ಮೊಣಕಾಲಿನ ನಡುವೆ ಮುಖವಿಟ್ಟು ಅತ್ತಳು. ಎದುರು ಮನೆಯ ಬಾಗಿಲು ತೆರೆದು ಮುಚ್ಚಿತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಈ ಸಲ ಸರಿಸಲಿಲ್ಲ.

"ಆ ಪತ್ರ ಅವರು ಬರೆದಿದ್ರೆ ಸಿಗ್ತಿತ್ತೇನೋ" ಎಂದಳು.

"ಸಿಗ್ತಿತ್ತೇನೋ."

"ಗೊತ್ತಾಗಲ್ಲ ಅಲ್ವಾ, ಇನ್ನು ಯಾವತ್ತೂ."

"ಗೊತ್ತಾಗಲ್ಲ ಪುಟ್ಟಿ."

ಮೂಗನ್ನು ತೋಳಿನಿಂದ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟು ಇನ್ನೂ ಆರದ ಕಣ್ಣಲ್ಲಿ ನನ್ನನ್ನು ನೇರವಾಗಿ ನೋಡಿದಳು.

"ಅಮ್ಮ, ಈಗ ಯಾವ ಫಾರಮ್ಮೂ ಇಲ್ಲ. ನಾನು ಕೇಳ್ತಿದ್ದೀನಿ. ನಿನ್ನ ಕಡೆಯಿಂದ ಇದೆಯಾ, ಇಲ್ವಾ?"