ಮರಳಿ ಬಂದ ಗುರುವಾರ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ಠಾಣೆಗೆ ಬಂದು ದೂರು ಕೊಟ್ಟರು. ಶಾಲೆಯ ಕ್ಯಾಮೆರಾಗಳು ಶುಕ್ರವಾರದಿಂದ ದಾಖಲಿಸಿದ್ದೆಲ್ಲ ಮಾಯವಾಗಿತ್ತು. ಡಿಸ್ಕ್ ತೆರೆದರೆ ಗುರುವಾರ ಸಂಜೆಗೇ ನಿಂತಿತ್ತು. ಮಕ್ಕಳ ವಿಡಿಯೊಗೆ ಯಾರೋ ಕೈ ಹಾಕಿದ್ದಾರೆಂಬ ಸುದ್ದಿ ಪೋಷಕರ ಕಿವಿಗೆ ಬಿದ್ದು ಗೇಟಿನ ಮುಂದೆ ಗಲಾಟೆ ಶುರುವಾಗಿತ್ತು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಸರ್ವರ್ ಕೋಣೆಯಲ್ಲಿ ಪಂಚನಾಮೆ ನಡೆಸಿ, ಡಿಸ್ಕ್ ವಶಪಡಿಸಿಕೊಂಡರು. ಕೋಣೆಯೆಂದರೆ ಮೆಟ್ಟಿಲ ಕೆಳಗಿನ ಗೂಡು. ಮುರಿದ ಬೆಂಚುಗಳ ನಡುವೆ ಪಂಚರು ಅಡ್ಡಡ್ಡ ನಿಂತು ಸಹಿ ಹಾಕಿದರು.

ಕಂಪ್ಯೂಟರ್ ಬಲ್ಲ ಕಾನ್‌ಸ್ಟೇಬಲ್ ಮಧ್ಯಾಹ್ನ ವಿಷಯ ಬಿಡಿಸಿ ಹೇಳಿದ. ಡಿಸ್ಕ್ ಒಂದು ಗಳಿಗೆಯಲ್ಲಿ ಹೇಗಿತ್ತೋ ಹಾಗೆಯೇ ಹಿಡಿದಿಡುವ ಪ್ರತಿಗೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಬೇಕೆಂದಾಗ ಅದನ್ನು ಇನ್ನೊಂದು ಡಿಸ್ಕಿಗೆ ಇಳಿಸಿ ನೋಡಬಹುದು. ಯಾರೋ ಗುರುವಾರದ ಪ್ರತಿಯನ್ನು ಇಳಿಸುವಾಗ ಖಾಲಿ ಡಿಸ್ಕಿನ ಬದಲು ಶಾಲೆಯ ಡಿಸ್ಕನ್ನೇ ಆರಿಸಿಬಿಟ್ಟಿದ್ದರು. ಅಲ್ಲಿಗೆ ಮುಂದಿನ ದಿನಗಳೆಲ್ಲ ಅಳಿಸಿಹೋಗಿದ್ದವು.

"ಮನುಷ್ಯರನ್ನೂ ಹೀಗೆ ಹಿಂದಕ್ಕೆ ಕಳಿಸೋ ಹಾಗಿದ್ರೆ ನಾನು ಮದುವೆ ಹಿಂದಿನ ದಿನಕ್ಕೆ ಹೋಗ್ತಿದ್ದೆ ಸರ್," ಎಂದು ಜೀಪಿನ ಡ್ರೈವರ್ ಹಲ್ಲು ಕಿರಿದ.

ಇನ್ಸ್‌ಪೆಕ್ಟರ್ ನಗಲಿಲ್ಲ. ಗುರುವಾರದ ಪ್ರತಿ ಇಳಿಸಿದ ಲಾಗಿನ್‌ನಿಂದಲೇ ತಿಂಗಳುಗಟ್ಟಲೆ ಪ್ರತಿಗಳು ಹೊರಹೋಗಿದ್ದವು. ಮಕ್ಕಳ ವಿಡಿಯೊ ಕದಿಯುವವನ ಚರ್ಮ ಸುಲಿಯಬೇಕೆಂದು ಅವರ ಮೈ ಉರಿಯುತ್ತಿತ್ತು.

ಲಾಗಿನ್ ಕ್ಯಾಮೆರಾ ಉಸ್ತುವಾರಿ ಕಂಪನಿಯ ತಂತ್ರಜ್ಞನದು. ಮಂಗಳವಾರ ಅವನ ಬಾಡಿಗೆ ಕೋಣೆ ಶೋಧಿಸಿದರೆ ಒಂದು ಮಂಚ, ಒಂದು ಕುರ್ಚಿ, ಒಂದು ಡಿಸ್ಕ್ ಸಿಕ್ಕವು. ಅವನು ಉಳಿಸಿಕೊಂಡಿದ್ದು ಗೇಟಿನ ಕ್ಯಾಮೆರಾದ ಬೆಳಗಿನ ತುಣುಕುಗಳನ್ನು ಮಾತ್ರ. ಎಲ್ಲದರಲ್ಲೂ ನೀಲಿ ಚೀಲದ ಅದೇ ಒಬ್ಬ ಹುಡುಗಿ ಒಳಗೆ ಹೋಗುತ್ತಿದ್ದಳು.

"ಯಾರಿವಳು?"

"ಮಗಳು ಸರ್."

"ಹೋಗಿ ನೋಡೋಕೇನು ರೋಗ?"

"ಕೋರ್ಟು ತಿಂಗಳಿಗೊಂದು ದಿನ ಕೊಟ್ಟಿದೆ. ಅವಳೇ ಬರಲ್ಲ ಅಂದುಬಿಟ್ಟಳು."

ಗುರುವಾರದ್ದೇ ಏಕೆ ಬೇಕಾಗಿತ್ತು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಆ ದಿನ ಅವಳು ಗೇಟಿನಲ್ಲಿ ನಿಂತು ತಲೆಯೆತ್ತಿದ್ದು ಕಂಪನಿಯ ಪರದೆಯಲ್ಲಿ ಬೆರಳಗಲ ಕಂಡಿತ್ತಂತೆ. ದೊಡ್ಡದಾಗಿ ನೋಡುವ ಆತುರದಲ್ಲಿ ತಪ್ಪು ಡಿಸ್ಕ್ ಆರಿಸಿಬಿಟ್ಟಿದ್ದ.

"ನನ್ನನ್ನೇ ನೋಡಿದ ಹಾಗಿತ್ತು ಸರ್."

ಮಹಿಳಾ ಕಾನ್‌ಸ್ಟೇಬಲ್ ಅವನ ಮಾಜಿ ಹೆಂಡತಿಯ ಹೇಳಿಕೆ ಪಡೆದು ಬಂದಳು. ಹೊಡೆತ ಬಡಿತ ಏನೂ ಇರಲಿಲ್ಲ. ಮಗು ಚಿತ್ರ ಬರೆದು ತಂದರೆ ಕಂಪ್ಯೂಟರಿನಿಂದ ಕಣ್ಣು ಕೀಳದೆ "ಆಮೇಲೆ ಪುಟ್ಟಿ" ಅನ್ನುತ್ತಿದ್ದ, ವರ್ಷಗಟ್ಟಲೆ. ಹೋದ ಗುರುವಾರ ಶಾಲೆಗೆ ಹೊರಟಾಗ ಮಗಳು ಗೇಟಿನ ಕ್ಯಾಮೆರಾ ಅಪ್ಪನ ಕಂಪನಿಯದಾ ಎಂದು ಕೇಳಿದಳಂತೆ. ಅಮ್ಮ ಹೌದೆಂದಳು. ಸಂಜೆ ಮನೆಗೆ ಬಂದವಳು, ಮುಂದಿನ ವಾರದ ಶನಿವಾರ ಅಪ್ಪನನ್ನು ನೋಡೋಕೆ ಹೋಗ್ತೀನಿ ಅಂದಳಂತೆ. ಅಮ್ಮ ಫೋನ್ ಮಾಡಿ ತಿಳಿಸಬೇಕೆಂದಿದ್ದಳು, ಅಷ್ಟರಲ್ಲಿ ಪೊಲೀಸರು ಬಂದರು.

ಸಂಜೆ ಐದಕ್ಕೆ ಬಂಧನವಾಯಿತು. ಉದ್ದೇಶ ಏನೆಂದು ಬರೆಯಲಿ ಎಂದು ರೈಟರ್ ಕೇಳಿದಾಗ, ಮಗಳನ್ನು ಕಾಣುವ ಆಸೆ ಎಂದು ಬರೆಯಲು ಇನ್ಸ್‌ಪೆಕ್ಟರ್ ಹೇಳಿದರು. ಅವರ ಸಿಟ್ಟು ಆಗಲೇ ಇಳಿದಿತ್ತು. ಹೇಳುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಲಾಕಪ್ಪಿನ ಮುಂದೆ ನಿಂತು ಶನಿವಾರದ ವಿಷಯ ಹೇಳಿದರು.

ಅವನು ಕಂಬಿ ಹಿಡಿದುಕೊಂಡು ಮಗುವಿನಂತೆ ಅತ್ತ. ಆಮೇಲೆ ಮುಖ ಒರೆಸಿಕೊಂಡ.

"ಶನಿವಾರದೊಳಗೆ ಜಾಮೀನು ಸಿಗುತ್ತಾ ಸರ್?"

ಅದು ನ್ಯಾಯಾಧೀಶರ ಕೈಯಲ್ಲಿದೆ ಎಂದರು ಇನ್ಸ್‌ಪೆಕ್ಟರ್.